ಹೆಸರು ಕೂಗುವ ಹೊತ್ತು

ಕಸ್ತೂರೆಮ್ಮನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಆಕೆಯ ದನಿ ಊರಿನ ಮೈಕಿನಲ್ಲಿ ಕೇಳಿಸಿತು.

ಕಲ್ಲಗುಂಡಿಯ ಗದ್ದೆಗಳಲ್ಲಿ ಆಗ ಕಳೆ ತೆಗೆಯುವ ಕೆಲಸ ನಡೆದಿತ್ತು. ಹೆಣ್ಣುಮಕ್ಕಳು ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಬಗ್ಗಿದ್ದರು. ಪಂಚಾಯಿತಿಯ ನೀರಗಂಟಿ ಭೀಮೇಶ ಎಂದಿನಂತೆ ಮೈಕಿನಲ್ಲಿ ಒಂದೊಂದೇ ಹೆಸರು ಕೂಗುತ್ತಿದ್ದ. ಒಂದೊಂದಕ್ಕೂ ಒಂದು ಮುದಿ ದನಿ "ಬಂದೀನಿ" ಅನ್ನುತ್ತಿತ್ತು.

"ಕಸ್ತೂರೆಮ್ಮಾ" ಎಂದ ಭೀಮೇಶ. ರೂಢಿಯಾದ ನಾಲಿಗೆ, ಅಂದುಬಿಟ್ಟಿತು. ಆಮೇಲೆ ಕಚ್ಚಿಕೊಂಡಿರಬೇಕು, ಮೈಕು ಸ್ವಲ್ಪ ಹೊತ್ತು ಸುಮ್ಮನಾಯಿತು.

"ಬಂದೀನೋ. ಕಿವಿ ಹರಿಯೂ ಹಂಗ ಯಾಕ ಒದರತಿ?"

ಬಗ್ಗಿದ್ದವರೆಲ್ಲ ಎದ್ದು ನಿಂತರು. ಒಬ್ಬಾಕೆ ಕೈಯಲ್ಲಿದ್ದ ಕಳೆಯನ್ನು ಬದುವಿಗೆ ಎಸೆಯುವುದನ್ನೂ ಮರೆತಳು. ಹಿಂದಿನ ಮಧ್ಯಾಹ್ನ ಅದೇ ಕೈಯಿಂದ ಆಕೆ ಕಸ್ತೂರೆಮ್ಮನ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದಿದ್ದಳು.

"ಆಕೀದ ದನಿ" ಎಂದಳು. ಯಾರೂ ಅಲ್ಲವೆನ್ನಲಿಲ್ಲ. ಆ ದನಿ ಇದೇ ಬದುವಿನ ಮೇಲೆ ನಿಂತು ಅವರನ್ನೂ, ಅವರಿಗಿಂತ ಮೊದಲು ಅವರ ಅತ್ತೆಯರನ್ನೂ ಬೈದು ಕೆಲಸ ಮಾಡಿಸಿತ್ತು. ತಪ್ಪಾಗಿ ಕೇಳಿಸಿಕೊಳ್ಳುವಂಥ ದನಿಯಲ್ಲ ಅದು. ಅವತ್ತು ಆ ಗದ್ದೆಯ ಕಳೆ ಅರ್ಧಕ್ಕೇ ನಿಂತಿತು.

ಮೈಕಿನಲ್ಲಿ ಹೆಸರು ಕೂಗಿಸುವ ಪದ್ಧತಿ ತಂದದ್ದು ಪಂಚಾಯಿತಿ ಅಧ್ಯಕ್ಷೆ ನಂದಿನಿ. ಕಲ್ಲಗುಂಡಿಯಲ್ಲಿ ಮುದುಕರು ಹೆಚ್ಚು, ಮಕ್ಕಳು ಕಡಿಮೆ. ದುಡಿಯುವವರು ಬೆಳಗಾದರೆ ಗದ್ದೆಗೆ, ಇಲ್ಲವೆ ಬಸ್ಸು ಹಿಡಿದು ಮಸ್ಕಿಗೆ, ಸಿಂಧನೂರಿಗೆ. ಎರಡು ಶಾಲೆ ಒಂದಾದ ಮೇಲೆ ಹಳೆಯ ಶಾಲೆ ಖಾಲಿ ಬಿದ್ದಿತ್ತು. ನಂದಿನಿ ಅಲ್ಲಿ ಹಿರಿಯರಿಗಾಗಿ ಹಗಲುಮನೆ ತೆರೆದಳು. ಪಿಂಚಣಿಗೆ ಒಂದು ಊರು, ಬಿ.ಪಿ. ಗುಳಿಗೆಗೆ ಇನ್ನೊಂದು ಊರು ಎಂದು ಆಟೋ ಹತ್ತಿ ಇಳಿಯುತ್ತಿದ್ದ ಮುದುಕರಿಗೆ ಈಗ ಎಲ್ಲವೂ ಒಂದೇ ಸೂರಿನಡಿ. ಅಂಚೆಯವನು ಅಲ್ಲಿಗೇ ಬರುತ್ತಿದ್ದ, ಸಿಸ್ಟರ್ ಅಲ್ಲಿಗೇ ಬರುತ್ತಿದ್ದಳು, ಮಧ್ಯಾಹ್ನ ಬಿಸಿ ಊಟ. ಕರ ವಸೂಲಿಯವನಿಂದ ಹಿಡಿದು ನೀರಗಂಟಿಯ ತನಕ ಪಂಚಾಯಿತಿಯ ಎಲ್ಲರಿಗೂ ಅಲ್ಲಿ ಪಾಳಿ ಹಾಕಿದಳು. "ಕರಾ ಎತ್ತಾಕ ಅಷ್ಟ ಅಲ್ಲ ಪಂಚಾಯ್ತಿ ಇರೋದು" ಎಂದು ಸಭೆಯಲ್ಲಿ ಹೇಳಿದಾಗ ಸದಸ್ಯರು ಮೀಸೆಯೊಳಗೇ ಗೊಣಗಿದರು. ಗೊಣಗಿದವರ ತಾಯಂದಿರೇ ಮೊದಲು ಬಂದು ಕೂತರು.

ದಾರಿಯಲ್ಲಿ ಬಿದ್ದಳೋ, ಮುಟ್ಟಿದಳೋ ಎಂದು ಮಕ್ಕಳು ಗದ್ದೆಯಲ್ಲಿ ಚಿಂತಿಸಬಾರದು. ಅದಕ್ಕೇ ಈ ಮೈಕು. ತಮ್ಮ ಹೆಸರು ಬಂದಾಗ ಹಿರಿಯರು ಎದ್ದು ಹೋಗಿ "ಬಂದೀನಿ" ಅನ್ನಬೇಕು. ಕಾಲುವೆಯ ಆಚೆ ದಂಡೆಯ ತನಕ ಕೇಳುತ್ತಿತ್ತು. ಸೊಸೆಯಂದಿರು ಅದನ್ನು ಕೇಳಿ ನಿರಾಳವಾಗಿ ಮತ್ತೆ ಬಗ್ಗುತ್ತಿದ್ದರು.

ಹಗಲುಮನೆಯ ಠರಾವಿನಲ್ಲಿ ಒಂದು ಸಾಲನ್ನು ಮಾತ್ರ ನಂದಿನಿ ತಾನೇ ಸೇರಿಸಿದ್ದಳು: ನಡೆದು ಬರುವ ಶಕ್ತಿ ಇರುವವರಿಗಷ್ಟೇ. ಹೊತ್ತು ತರಲು, ಎತ್ತಿ ಇಳಿಸಲು ಆಳೆಲ್ಲಿ? ಮಲಗಿದವರನ್ನು ಮನೆಯವರು ನೋಡಿಕೊಳ್ಳುತ್ತಾರೆ ಎಂಬುದು ಆಕೆಯ ಲೆಕ್ಕ. ಆ ಸಾಲು ಆಕೆಯ ಸ್ವಂತ ಮಾವನನ್ನೇ ಹೊರಗಿಟ್ಟಿತ್ತು. ಗದ್ದೆಪ್ಪನಿಗೆ ಲಕ್ವಾ ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಒಳಕೋಣೆಯ ಮಂಚದ ಮೇಲೆ ಆತ ಮಲಗಿದಲ್ಲೇ.

ಅವತ್ತು ಸಂಜೆ ಊಟಕ್ಕೆ ಕೂತಾಗ ನಂದಿನಿ ಅತ್ತೆಯನ್ನು ಕೇಳಿಯೇಬಿಟ್ಟಳು. "ಅತ್ತೀ, ಖರೇ ಹೇಳ್ರಿ. ಮೈಕಿನ್ಯಾಗ ಕಸ್ತೂರೆಮ್ಮನ ಹಂಗ ಮಾತಾಡಿದವ್ರು ಯಾರು?"

ಮುದುಕಮ್ಮ ರೊಟ್ಟಿ ಮುರಿದು ಪುಂಡಿಪಲ್ಯ ಒರೆಸಿಕೊಂಡಳು. "ನಾನ."

"ನೀವಾ? ಯಾಕ?"

"ಭೀಮ್ಯಾ ಕೂಗಿಬಿಟ್ಟ. ಕೂಗಿದ ಹೆಸರಿಗಿ ಯಾರರ ಓ ಅನ್ನಬೇಕು. ಇಲ್ಲಾಂದ್ರ ಅದು ಮನಿ ಹುಡುಕ್ಕೊಂತ ಊರಾಗ ತಿರಗತೈತಿ."

ಮೊಮ್ಮಗಳು ಯಶೋಧರಾ ಸಿಂಧನೂರಿನ ಕಾಲೇಜಿಗೆ ಹೋಗುವ ಹುಡುಗಿ. ಕಿಸಕ್ಕನೆ ನಕ್ಕಳು. "ಅಜ್ಜೀ, ಗೋಡಿ ಮ್ಯಾಲ ಬುದ್ಧ ನಗಾಕತ್ತಾನ ನೋಡು."

"ಆತ ಯಾವಾಗ್ಲೂ ನಗತಿರತಾನ. ನೀ ಉಣ್ಣು."

"ಆ ದನಿ ನಿಮಗ ಹೆಂಗ ಬಂತ್ರಿ?" ನಂದಿನಿ ಬಿಡಲಿಲ್ಲ.

"ಬರದೇನ? ಹಡದ ಮಗನ ದನಿಗಿಂತ ಹೆಚ್ಚು ಅದನ್ನ ಕೇಳೀನಿ. ಆಕಿ ಹೊಲದಾಗ ನಾನೂ ನಿಮ್ಮ ಮಾವನೂ ಎಷ್ಟು ವರ್ಷ ದುಡದೀವಿ. ಸಾಯೂ ಮುಂದ ಹಗಲುಮನ್ಯಾಗ ಬಾಜೂಕ ಕುಂತು ಉಂಡಳು. 'ಮುದುಕೀ, ಶೇಂಗಾ ಹಿಂಡಿ ಕೊಡಬೇ' ಅಂತಿದ್ಳು. ನನ್ನ ತಾಟಿನ್ಯಾಗಿಂದ ತಗೊಂತಿದ್ಳು." ಮುದುಕಮ್ಮನ ಕಣ್ಣು ತುಂಬಿತು. ಆಕೆ ಅದನ್ನು ಮುಚ್ಚಿಡಲೂ ಇಲ್ಲ.

ಹುಲಿಗೇಶ ಆಗತಾನೇ ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಡ್ಯೂಟಿ ಮುಗಿಸಿ ಬಂದಿದ್ದ. ಅಪ್ಪನಿಗೆ ನುಚ್ಚಿನ ಗಂಜಿ ಕುಡಿಸಿ, ಖಾಲಿ ಬಟ್ಟಲು ಹಿಡಿದು ಒಳಕೋಣೆಯಿಂದ ಹೊರಬಂದ. "ಸತ್ತವ್ರ ಮಾತು ಆಮ್ಯಾಲ. ನಾಳಿ ಅಪ್ಪನ ಹತ್ರ ಯಾರು ಇರತೀರಿ?"

"ನನಗ ಪ್ರಾಕ್ಟಿಕಲ್ ಐತಿ" ಎಂದಳು ಯಶೋಧರಾ.

"ನನಗ ಮೀಟಿಂಗ್ ಐತಿ" ಎಂದಳು ನಂದಿನಿ.

ಮುದುಕಮ್ಮ ಇನ್ನೊಂದು ರೊಟ್ಟಿ ಮುರಿದಳು. ಲಕ್ವಾ ಹೊಡೆದ ಹೊಸದರಲ್ಲಿ ಆಕೆ ಆ ಮಂಚದ ಪಕ್ಕ ಕೂತು ಕೂತು ತಾನೇ ಅರ್ಧವಾಗಿದ್ದಳು. ಈಗ ಹಗಲುಮನೆಗೆ ಹೋಗಲು ಹತ್ತಿದ ಮೇಲೆ ಮೈಯಲ್ಲಿ ಒಂದಿಷ್ಟು ಕಸುವು ಬಂದಿತ್ತು. ಅದನ್ನು ಬಿಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಊರ ಉಸಾಬರಿ ಎಲ್ಲಾ ನಿನಗ ಬೇಕು" ಎಂದ ಹುಲಿಗೇಶ ಹೆಂಡತಿಗೆ. "ಎಲ್ಲಾರ ಮನಿ ಮುದುಕ್ರಿಗೂ ನೆಳ್ಳು ಮಾಡಿಕೊಟ್ಟಿ. ದೀಪದ ಬುಡಕ ಕತ್ತಲಿ."

"ಹೊತ್ಕೊಂಡು ಹೋಗತೀರಿ ಏನು ದಿನಾ? ಹೋಗ್ರಿ, ಬ್ಯಾಡಂದವ್ರು ಯಾರು?"

ಕೊನೆಗೆ ಯಶೋಧರಾಳೇ ಕಾಲೇಜು ತಪ್ಪಿಸಿದಳು. ಅಂಥ ಜಗಳಗಳೆಲ್ಲ ಆ ಮನೆಯಲ್ಲಿ ಆಕೆಯ ತಲೆಯ ಮೇಲೇ ಬಂದು ನಿಲ್ಲುತ್ತಿದ್ದವು.

ಮರುದಿನ ಸಂಜೆ ಕಸ್ತೂರೆಮ್ಮನ ಮಗ ಚನ್ನವೀರ ನಂದಿನಿಯ ಓಣಿಗೆ ಬಂದ. ಓಟು ಕೇಳಲು ಬಿಟ್ಟರೆ ಆತ ಆ ಓಣಿಗೆ ಕಾಲಿಟ್ಟವನಲ್ಲ. ಬೋಳಿಸಿದ ತಲೆ, ಕೆಂಪು ಕಣ್ಣು.

"ಏನ್ರೀ ಅಧ್ಯಕ್ಷರೇ, ನಮ್ಮವ್ವನ್ನ ಮಣ್ಣಿಗಿಟ್ಟು ಬಂದೀವಿ, ನೀವು ಮೈಕಿನ್ಯಾಗ ಚೇಷ್ಟಿ ಮಾಡತೀರೇನು? ಮನ್ಯಾಗ ನನ್ನ ಹೇಣ್ತಿ ಜ್ವರಾ ಬಂದು ಮಲಗ್ಯಾಳ."

ನಂದಿನಿ ತಪ್ಪಾಯಿತು ಎನ್ನುವುದರೊಳಗೆ ಒಳಗಿನಿಂದ ಮುದುಕಮ್ಮ ಬಂದು ಹೊಸ್ತಿಲಲ್ಲಿ ನಿಂತಳು. ಚನ್ನವೀರನ ಮುಖವನ್ನು ಒಂದು ಗಳಿಗೆ ನೋಡಿದಳು.

"ಚನ್ನ್ಯಾ, ಉಂಡೇನೋ? ಮಾರಿ ಯಾಕ ಹಿಂಗಾಗೈತಿ?"

ಬಾಯಿ ಮುದುಕಮ್ಮನದು. ದನಿ ಆಕೆಯದಲ್ಲ. ಚನ್ನವೀರ ಕಟ್ಟೆಯ ಮೇಲೆ ಕುಸಿದು ಕೂತ. ದೊಡ್ಡ ಗಂಡಸು, ಟ್ರ್ಯಾಕ್ಟರಿನ ಒಡೆಯ, ಬಿಕ್ಕಿ ಬಿಕ್ಕಿ ಅತ್ತ.

ಅತ್ತು ಮುಗಿದ ಮೇಲೆ ಒಂದು ತಂಬಿಗೆ ನೀರು ಕೇಳಿ ಕುಡಿದ. ಅವನ ಮನೆತನದವರು ಆ ಓಣಿಯಲ್ಲಿ ನೀರು ಕುಡಿದದ್ದು ಅದೇ ಮೊದಲು. ಆತನಿಗೆ ಅದರ ಅರಿವೂ ಇರಲಿಲ್ಲ. ಎದ್ದು ಹೋಗುವಾಗ ನಂದಿನಿಯ ಮುಖ ನೋಡದೆ ಹೇಳಿದ:

"ನಾಳೀನೂ ಕೂಗಸ್ರಿ."

ನಂದಿನಿ ಅಲ್ಲೇ ಆಗಲ್ಲ ಅನ್ನಬೇಕಿತ್ತು. ಅತ್ತವನಿಗೆ ಹೇಗೆ ಅನ್ನುವುದು? ಸೂತಕದ ದಿನ ತುಂಬುವ ತನಕ ಕೂಗಲಿ ಬಿಡು, ಆಮೇಲೆ ನಿಲ್ಲಿಸಿದರಾಯಿತು ಎಂದುಕೊಂಡಳು. ಇಂಥದ್ದು ನಿಲ್ಲುವುದಿಲ್ಲ.

ಮಳೆಗಾಲದಲ್ಲಿ ಇನ್ನೂ ಮೂವರು ಹಿರಿಯರು ಹೋದರು. ಬಾಬುಸಾಬ್ ಹೋದ, ಆತ ಮೊದಲು ಕೆಮ್ಮಿ ಆಮೇಲೆ "ಹಾಜರ್" ಅನ್ನುತ್ತಿದ್ದವ. ಆತನ ಹೆಸರು ಕೂಗಿದಾಗ ಹಗಲುಮನೆಯ ಮೂಲೆಯಿಂದ ಅದೇ ಕೆಮ್ಮು, ಅದೇ "ಹಾಜರ್". ಗೆಳೆಯ ಶಾವಲಿ ಅಂದದ್ದು ಅದು. ಹೀಗೆ ಸತ್ತವರ ದನಿಗಳನ್ನು ಬದುಕಿದವರು ಹಂಚಿಕೊಂಡರು. ಯಾರೂ ನಗುತ್ತಿರಲಿಲ್ಲ. ಊಟದ ಸಾಲಿನಲ್ಲಿ ಸತ್ತವರ ಜಾಗ ಹಾಗೇ ಬಿಟ್ಟಿರುತ್ತಿದ್ದರು. ಒಮ್ಮೆ ನಂದಿನಿ ಗೊತ್ತಿಲ್ಲದೆ ಅಲ್ಲಿ ಕೂರಲು ಹೋದಳು, ಯಾರೋ ಸೆರಗು ಜಗ್ಗಿದರು.

"ಅಲ್ಲಿ ಕುಂದರಬ್ಯಾಡವ್ವಾ. ಈ ಕಡಿ ಸರಿ."

ಒಂದು ದಿನ ಮುದುಕಮ್ಮನಿಗೆ ಗಂಟಲು ಕಟ್ಟಿತ್ತು, ಪಿಸುಮಾತೂ ಹೊರಡುತ್ತಿರಲಿಲ್ಲ. ಅವತ್ತೂ ಕಸ್ತೂರೆಮ್ಮ "ಬಂದೀನೋ" ಎಂದಳು. ಯಾರು ಅಂದದ್ದು ಎಂದು ನಂದಿನಿ ಎಲ್ಲರನ್ನೂ ಕೇಳಿದಳು. ನೀ ಅಂದಿ, ನಾ ಅಲ್ಲ, ನೀನ ಅಂದಿ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗದ್ದೆಯವರಿಗೂ ರೂಢಿಯಾಯಿತು. ಮೊದಲು ಹೆದರಿದವರೇ ಈಗ ತಮ್ಮ ಅತ್ತೆಯ ದನಿ ಬರುವ ತನಕ ಬಗ್ಗದೆ ಕಾಯುತ್ತಿದ್ದರು. ಸತ್ತ ಅತ್ತೆಗೆ ಬದುಕಿದ್ದ ಅತ್ತೆಗಿಂತ ಮರ್ಯಾದೆ ಹೆಚ್ಚು, ಅದು ಎಲ್ಲ ಊರಲ್ಲೂ ಇದ್ದದ್ದೇ.

ಅಷ್ಟರಲ್ಲಿ ಮೇಲಿನಿಂದ ಹೊಸ ಸುದ್ದಿ ಬಂತು. ಕಲ್ಲಗುಂಡಿಯದೂ ಪಕ್ಕದ ಊರಿನದೂ ಸೇರಿ ಒಂದೇ ಪಂಚಾಯಿತಿ ಆಗಲಿದೆ. ಖರ್ಚು ಹಿಡಿತದಲ್ಲಿಡಬೇಕು, ಹಿರಿಯರ ಸೇವೆಯನ್ನೂ ನಡೆಸಬೇಕು. ಆದ್ದರಿಂದ ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಹಿರಿಯರು ಇರುವ ಹಗಲುಮನೆ ಮಾತ್ರ ಉಳಿಯುತ್ತದೆ. ಅಧಿಕಾರಿಯೊಬ್ಬರು ಖುದ್ದು ಬಂದು ನೋಡುತ್ತಾರೆ. ಬದುಕಿದವರನ್ನಷ್ಟೇ ಎಣಿಸಿದರೆ ಕಲ್ಲಗುಂಡಿಯದು ಮುಚ್ಚುವುದು ಖಂಡಿತ.

ಪಂಚಾಯಿತಿ ಸಭೆಯಲ್ಲಿ ಹಳೆಯ ಸದಸ್ಯ ಮರಿಸ್ವಾಮಿ ಎಲೆಯಡಿಕೆ ತಿರುವುತ್ತ ಹೇಳಿದ: "ಚಿಂತಿ ಯಾಕ ಮಾಡತೀರಿ? ಮೈಕಿನ್ಯಾಗ ಹಾಜರಿ ಬರೋಬ್ಬರಿ ಬರತೈತಿ. ಸತ್ತವ್ರು ಊಟ ಕೇಳಂಗಿಲ್ಲ, ಗುಳಿಗಿ ಕೇಳಂಗಿಲ್ಲ, ಲೆಕ್ಕಕ್ಕ ಮಾತ್ರ ಬರತಾರ. ಇಂಥಾ ಪುಣ್ಯಾತ್ಮರು ಎಲ್ಲಿ ಸಿಗತಾರ?"

ಎಲ್ಲರೂ ನಕ್ಕರು. ನಂದಿನಿಗೆ ನಗು ಬರಲಿಲ್ಲ. ತಾನು ಬದುಕಿದವರಿಗೆಂದು ಕಟ್ಟಿದ ಮನೆಯನ್ನು ಸತ್ತವರು ಹೊತ್ತು ನಿಲ್ಲಬೇಕೇ? ಆಕೆಗೆ ಅವಮಾನವಾಯಿತು, ಹೆದರಿಕೆಯೂ ಆಯಿತು. ನಾಳೆಯಿಂದ ಸತ್ತವರ ಹೆಸರು ಕೂಗಬಾರದು ಎಂದು ಭೀಮೇಶನಿಗೆ ಹೇಳಿದಳು.

ಅವತ್ತು ಮನೆಯಲ್ಲಿ ಒಲೆಯ ಮುಂದೆಯೇ ಜಗಳ ಹತ್ತಿತು.

"ಹಗಲುಮನಿ ಮುಚ್ಚತಾರಂತ ಹೌದಾ?" ಮುದುಕಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಮತ್ತ ಸತ್ತವ್ರ ಹೆಸರು ಯಾಕ ಬಿಡಸ್ತಿ? ನಾವು ಹೊತ್ಕೊಂಡೀವಿ, ನಮಗ ಭಾರ ಆಗಿಲ್ಲ."

"ಅದು ಸುಳ್ಳು ಆಗತೈತಿ ಅತ್ತೀ. ನಾಳಿ ನನ್ನ ಹಿಡದು ಕೇಳತಾರ."

"ಮನಿ ಹ್ವಾದ್ರ ನಾ ಎಲ್ಲಿ ಹೋಗ್ಲಿ? ಮತ್ತ ಆ ಮಂಚದ ಬಾಜೂಕ? ನಾ ಇನ್ನಾ ಸತ್ತಿಲ್ಲಬೇ."

"ಅತ್ತೀ, ಮೆಲ್ಲಕ. ಮಾವಗ ಕೇಳತೈತಿ."

"ಕೇಳ್ಲಿ! ಕೇಳೂದು ಬಿಟ್ಟು ಅವಂಗೇನು ಕೆಲಸ ಐತಿ?"

ಅಂದ ಮೇಲೆ ಮುದುಕಮ್ಮ ತಾನೇ ಬಾಯಿ ಮುಚ್ಚಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆಯೆದ್ದಿತು. ಒಳಕೋಣೆಯಿಂದ ಯಾವ ಸದ್ದೂ ಬರಲಿಲ್ಲ.

ಬೆಳಿಗ್ಗೆ ಮನೆಯಲ್ಲಿ ಯಶೋಧರಾ ಮತ್ತು ಅಜ್ಜ ಇಬ್ಬರೇ. ಅಜ್ಜನಿಗೆ ದಿಂಬು ಕೊಟ್ಟು ಕೂರಿಸಿ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಕಿಟಕಿಯಾಚೆಯ ಕಂಬದ ಮೈಕಿನಲ್ಲಿ ಭೀಮೇಶ ಶುರು ಮಾಡಿದ. ಬದುಕಿದವರ ಹೆಸರು, ಬದುಕಿದವರ ಉತ್ತರ. ಕಸ್ತೂರೆಮ್ಮನ ಸರದಿ ಬಂದಲ್ಲಿ ಭೀಮೇಶ ತಡೆದ. ಮೈಕು ಬರಿದೇ ಗುಂಯ್ಯೆಂದಿತು.

"ಬಂದೀನಿ."

ಯಶೋಧರಾ ಹಿಂದೆ ತಿರುಗಿ ಬಾಗಿಲು ನೋಡಿದಳು. ಯಾರೂ ಇರಲಿಲ್ಲ. ಮೈಕಿನಲ್ಲಿ ಮುಂದಿನ ಹೆಸರು ಬಂತು, ಆಚೆಯಿಂದ ಉತ್ತರವೂ ಬಂತು. ಅದರ ಜೊತೆಗೇ ಆಕೆಯ ಕೈಯಳತೆಯಲ್ಲಿ ಮತ್ತೊಮ್ಮೆ: "ಬಂದೀನಿ."

ಅಜ್ಜನ ತುಟಿಯ ಅಂಚಿನಿಂದ ಗಂಜಿ ಇಳಿಯುತ್ತಿತ್ತು. ನೀರು ಎನ್ನಲಾರದ, ಅವ್ವಾ ಎನ್ನಲಾರದ ಬಾಯಿ ಅದು. ಪ್ರತಿ ಹೆಸರಿಗೂ ಅದು ತೆರೆಯಿತು, ಪ್ರತಿ ಸಲವೂ ಆ ಒಂದೇ ಮಾತು ಸ್ವಚ್ಛವಾಗಿ ಹೊರಬಂತು. ಕಣ್ಣು ಮಾತ್ರ ಕಂಬದ ಕಡೆಗೇ ಇತ್ತು.

ಆಕೆ ಫೋನು ಮಾಡಿದ ಮೇಲೆ ನಂದಿನಿ ಓಡಿಬಂದಳು.

"ಮಾವಾ, ನೀರು ಬೇಕೇನ್ರಿ? ನಾ ಯಾರು ಹೇಳ್ರಿ?"

ಗದ್ದೆಪ್ಪ ಸುಮ್ಮನೆ ನೋಡಿದ.

"ಹಂಗಲ್ಲವ್ವಾ" ಎಂದು ಯಶೋಧರಾ ಬಾಯಿಗೆ ಕೈ ಅಡ್ಡ ಹಿಡಿದು ಭೀಮೇಶನ ಧಾಟಿಯಲ್ಲಿ ಕೂಗಿದಳು: "ಕಸ್ತೂರೆಮ್ಮಾ!"

"ಬಂದೀನಿ."

"ಬಾಬುಸಾಬ್!"

"ಬಂದೀನಿ."

"ಸಾಕು, ನಿಲ್ಲಸು" ಎಂದಳು ನಂದಿನಿ.

"ದಿನಾ ಅಂತಿರಬೇಕವ್ವಾ" ಎಂದಳು ಮಗಳು. "ಹೆಸರು ಕೂಗೂ ಹೊತ್ತಿಗೆ ನಾವು ಹೊರಗಿನದು ಕೇಳತಿದ್ವಿ, ಒಳಗಿಂದು ಕೇಳೇ ಇಲ್ಲ. ಅಜ್ಜಂದು ಬಿಟ್ಟು ಎಲ್ಲಾರ ಹೆಸರೂ ಕೂಗತಾರಲ್ಲ. ಆತ ಮತ್ತೇನು ಮಾಡಬೇಕು?"

ನಂದಿನಿಗೆ ತಾನೇ ಬರೆಸಿದ ಆ ಸಾಲು ನೆನಪಾಯಿತು. ಆಕೆ ಮಾವನ ಕಾಲ ಬಳಿ ಕೂತು ಅತ್ತಳು. ಅಧ್ಯಕ್ಷೆಯಾದ ಮೇಲೆ ಆಕೆ ಅತ್ತದ್ದನ್ನು ಮಗಳು ಅದೇ ಮೊದಲು ನೋಡಿದ್ದು.

ಮರುದಿನ ಹೆಸರು ಕೂಗುವ ಹೊತ್ತಿಗೆ ನಂದಿನಿ ಹಗಲುಮನೆಗೆ ಹೋಗಲಿಲ್ಲ. ಚನ್ನವೀರನ ಓಣಿಗೆ ಹೋಗಿ ಮೊದಲ ಮನೆಯ ಬಾಗಿಲು ತಟ್ಟಿದಳು. "ನಿಮ್ಮಲ್ಲಿ ಎದ್ದು ಓಡಾಡಲಾರದವ್ರು ಯಾರರ ಅದಾರೇನ್ರಿ?" ಮನೆಯವಳು ಹಿಂದು ಮುಂದು ನೋಡಿ, ಗೊಬ್ಬರದ ಚೀಲ ಒಟ್ಟಿದ್ದ ಕೋಣೆ ತೋರಿಸಿದಳು. ಚೀಲಗಳ ಹಿಂದೆ, ಬೆಳಕು ಅಷ್ಟಾಗಿ ಮುಟ್ಟದ ಕಡೆ ಚಾಪೆಯ ಮೇಲೆ ಒಬ್ಬ ಮುದುಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊರಗೆ ಮೈಕಿನಲ್ಲಿ ಒಂದು ಹೆಸರು ಬಂತು. ಮುದುಕಿ ಗೋಡೆಗೆ ಹೇಳಿದಳು: "ಬಂದೀನಿ."

"ಯಾವಾಗಿಂದ ಹಿಂಗ ಅಂತಾರ?"

"ಏನು ಅಂತಾರ್ರೀ? ಅರಳುಮರಳು. ನಾವು ಕಿವಿಗಿ ಹಾಕ್ಕೊಳ್ಳಂಗಿಲ್ಲ."

ಮುಂದಿನ ಮನೆಯಲ್ಲಿ ಒಬ್ಬ ಮುದುಕ ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿದ್ದ. ಆತನ ತುಟಿಯೂ ಅಲುಗುತ್ತಿತ್ತು. ಅದರ ಮುಂದಿನ ಮನೆಯವರು ನಮ್ಮಲ್ಲಿ ಅಂಥವರು ಯಾರೂ ಇಲ್ಲವೆಂದರು. ಅವರು ಹಾಗೆನ್ನುತ್ತಿದ್ದಾಗಲೇ ಒಳಗಿನಿಂದ ಕೇಳಿಸಿತು. ನಂದಿನಿ ಓಣಿಯ ನಡುವೆ ಬಂದು ನಿಂತಳು. ಬೆಳಗಿನ ಹಸನಾದ ಬಿಸಿಲು, ಗದ್ದೆಗೆ ಹೋದವರ ಬಾಗಿಲಿಗೆಲ್ಲ ಚಿಲಕ. ಮೇಲೆ ಮೈಕು ಒಂದು ಹೆಸರು ಕೂಗುವುದು, ಹಗಲುಮನೆಯಿಂದ ಒಂದು ಉತ್ತರ. ಅದು ಮುಗಿಯುವಷ್ಟರಲ್ಲಿ ಚಿಲಕ ಹಾಕಿದ ಮನೆಗಳ ಒಳಗಿನಿಂದ, ಎಡದಿಂದ, ಬಲದಿಂದ, ಹಿತ್ತಲಿನಿಂದ, ಸಣ್ಣಗೆ, ಹಿಂದೆ ಮುಂದೆ ಆಗಿ, ಅದೇ ಮಾತು. ಇಡೀ ಊರು ಗೋಡೆಗಳ ಒಳಗಿನಿಂದ ಗೊಣಗುತ್ತಿತ್ತು. ಇಷ್ಟು ದಿನ ಇದೇ ಓಣಿಯಲ್ಲಿ ಆಕೆ ನೂರು ಸಲ ನಡೆದಿದ್ದಳು.

ಅಧಿಕಾರಿ ಬಂದ ದಿನ ನಂದಿನಿ ಏನನ್ನೂ ಮುಚ್ಚಿಡಲಿಲ್ಲ. "ಸರ್, ಇಲ್ಲಿ ಕುಂತವ್ರು ನಿಮ್ಮ ಲೆಕ್ಕಕ್ಕಿಂತ ಕಡಿಮಿ ಅದಾರ. ಮೈಕಿನ್ಯಾಗ ಕೆಲವು ದಿನ ಸತ್ತವ್ರ ಹಾಜರಿನೂ ಆಗೈತಿ. ತಪ್ಪು ನಂದು."

ಮರಿಸ್ವಾಮಿ ಹಣೆ ಚಚ್ಚಿಕೊಂಡ. "ಆತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ."

"ಆದ್ರ ಲೆಕ್ಕ ನಾವು ತಪ್ಪು ಜಾಗಾದಾಗ ಮಾಡೀವ್ರಿ" ಎಂದಳು ನಂದಿನಿ. "ನಡದು ಬರಲಾರದವ್ರು ಮನಿ ಮನ್ಯಾಗ ಅದಾರ. ಅವ್ರಿಗೆ ನಾನ ಬಾಗಲಾ ಹಾಕಿದ್ದೆ. ಅವ್ರು ಬರಂಗಿಲ್ಲ ಅಂದ್ರ ಪಂಚಾಯ್ತಿ ಹೋಗಬೇಕು. ಅರ್ಧಾ ದಿನ ಇಲ್ಲಿ, ಅರ್ಧಾ ದಿನ ಮನಿಗೋಳಿಗೆ. ಈಗಿನ ಮಂದೀನ ಸಾಕು, ಪಗಾರ ಅಷ್ಟ. ಬರ್ರಿ, ತೋರಸ್ತೀನಿ."

ಅಧಿಕಾರಿ ಅಷ್ಟೇನೂ ಉತ್ಸಾಹವಿಲ್ಲದೆ ಎದ್ದರು. ನಾಲ್ಕೈದು ಮನೆ ಹೊಕ್ಕು ಹೊರಬಂದಾಗ ಅವರ ಮುಖ ಬೇರೆಯಾಗಿತ್ತು. ಕೊನೆಯ ಮನೆಯಲ್ಲಿ ಅವರು ಸುಮ್ಮನೆ ತಮ್ಮ ಡ್ರೈವರ್ ಲಕ್ಷ್ಮಣನನ್ನು ಹೆಸರು ಹಿಡಿದು ಕರೆದಿದ್ದರು, ಕತ್ತಲ ಮೂಲೆಯೊಂದು ಓಗೊಟ್ಟಿತ್ತು. "ಇವ್ರನ್ನೂ ಸೇರಿಸಿ ಬರೀರಿ" ಎಂದರು. ಹಗಲುಮನೆ ಉಳಿಯಿತು. ಆ ಸಾಲನ್ನು ಠರಾವಿನಿಂದ ತೆಗೆದರು.

ಹೊಸ ಪದ್ಧತಿಯ ಮೊದಲ ದಿನ. ಮಲಗಿದವರ ಹತ್ತಿರ ಫೋನು ಹಿಡಿಯಬೇಕು, ಆ ದನಿಯನ್ನು ಹಗಲುಮನೆಯಲ್ಲಿ ಮೈಕಿಗೆ ಕೊಡಬೇಕು ಎಂದು ಗೊತ್ತುಮಾಡಿದ್ದರು. ಹುಲಿಗೇಶ ರಜೆ ಹಾಕಿ ಅಪ್ಪನಿಗೆ ಗಡ್ಡ ಹೆರೆದ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ. ಮುದುಕಮ್ಮ ಅವತ್ತು ಹಗಲುಮನೆಗೆ ಹೋಗದೆ ಮಂಚದ ಪಕ್ಕ ಕೂತಳು. ಯಾರೂ ಹೇಳಿರಲಿಲ್ಲ, ತಾನೇ ಕೂತಳು. ಯಶೋಧರಾ ಫೋನು ಹಿಡಿದು ನಿಂತಳು.

ನಂದಿನಿ ಮೈಕಿನ ಬಳಿ ಇದ್ದಳು. ಭೀಮೇಶ ಕೂಗುತ್ತಾ ಹೋದ. ಗೊಬ್ಬರದ ಚೀಲದ ಹಿಂದಿನ ಮುದುಕಿ ತನ್ನ ಹೆಸರಿಗೆ ತಾನು ಓಗೊಟ್ಟಳು. ಗದ್ದೆಯಲ್ಲಿ ಆಕೆಯ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳಂತೆ. ಕೊಟ್ಟಿಗೆಯ ಪಕ್ಕದ ಮುದುಕನೂ ಅಂದ.

"ಗದ್ದೆಪ್ಪಾ!"

ಆ ಹೆಸರು ಮೈಕಿನಲ್ಲಿ ಬಂದದ್ದು ಅದೇ ಮೊದಲು.

ಗದ್ದೆಪ್ಪ ಬಾಯಿ ತೆರೆಯಲಿಲ್ಲ. ಕಂಬದ ಕಡೆ ಇದ್ದ ಕಣ್ಣನ್ನು ತಿರುಗಿಸಿ ಬಾಗಿಲ ಕಡೆ ನೋಡಿದ. ಆ ಹೆಸರಿನವನು ಯಾರೋ ಬರಬೇಕಾದವನು ಇದ್ದಾನೆ, ಈಗ ಬರುತ್ತಾನೆ ಎಂಬ ನೋಟ ಅದು.

"ಅಪ್ಪಾ, ನಿನ್ನ ಹೆಸರು. ಅನ್ನಪ್ಪಾ" ಎಂದ ಹುಲಿಗೇಶ.

"ಗದ್ದೆಪ್ಪಾ!" ಮೈಕು ಮತ್ತೆ ಕೂಗಿತು.

ಮುದುಕ ಬಾಗಿಲನ್ನೇ ನೋಡುತ್ತಿದ್ದ. ಹುಲಿಗೇಶನಿಗೆ ತಡೆಯಲಾಗಲಿಲ್ಲ. "ಅವ್ವಾ, ಊರೆಲ್ಲಾ ಕೇಳಾಕತ್ತೈತಿ. ನೀನರ ಅನ್ನು. ನಿನಗ ಎಲ್ಲಾರ ದನಿ ಬರತೈತಿ."

ಮುದುಕಮ್ಮ ಗಂಟಲು ಸರಿಮಾಡಿಕೊಂಡಳು. ಬಾಯಿ ತೆರೆದಳು, ಮುಚ್ಚಿದಳು. ಗಂಡನ ಮುಖವನ್ನು ಹತ್ತಿರ ಬಗ್ಗಿ ನೋಡಿ ಮತ್ತೆ ತೆರೆದಳು. ಆಕೆಯ ಕಣ್ಣಲ್ಲಿ ಹೆದರಿಕೆ ಕಾಣಿಸಿತು.

"ಬರವಲ್ದು" ಎಂದಳು. "ಇವನ ದನಿ ಹೆಂಗಿತ್ತು... ನೆನಪಾಗವಲ್ದಲ್ಲೋ ಹುಲಿಗ್ಯಾ."

ಹುಲಿಗೇಶ ಎದ್ದು ಹೋಗಿ ಅಪ್ಪ ನೋಡುತ್ತಿದ್ದ ಬಾಗಿಲನ್ನು ಪೂರ್ತಿ ತೆರೆದ. ಹೊರಗೆ ಓಣಿ ಖಾಲಿಯಿತ್ತು. ಮೂರನೆಯ ಸಲ ಕೂಗು ಬಂದಾಗ ಮುದುಕಮ್ಮ ಮೊಮ್ಮಗಳ ಕೈಯಿಂದ ಫೋನು ತೆಗೆದುಕೊಂಡು ತನ್ನ ದನಿಯಲ್ಲೇ ಹೇಳಿದಳು, ಗದ್ದೆಯಲ್ಲಿ ನಿಂತವರಿಗೆಲ್ಲ ಅದು ಕೇಳಿಸಿತು:

"ತಡಿ ಭೀಮೇಶಾ. ಇನ್ನಾ ಬಂದಿಲ್ಲ."